ಚಂದ್ರಿಯ ಹೊಟ್ಟೆ, ಚಂದ್ರಿಯ ಕಾಲು

ಅಜ್ಜಂಪುರ
9-8-1982

ಡಾಕ್ಟರ್ ಕರಿಸಿದ್ದಪ್ಪನವರಿಗೆ ಶರಣು.

ನಾನು ತೀರ್ಥಮ್ಮ, ಹೆರಿಗೆ ನರ್ಸು. ನಾಲ್ಕು ವರ್ಷದ ಹಿಂದೆ ನೀವು ಇಲ್ಲಿ ದನದ ಡಾಕ್ಟರಾಗಿದ್ದಾಗ ನನ್ನ ಗಾಡಿಯ ಕುದುರೆಗೆ ಔಷಧಿ ಕೊಟ್ಟಿದ್ದಿರಿ. ಈಗ ನಾನು ನಿವೃತ್ತಳಾಗಿದ್ದೇನೆ, ಕುದುರೆಗೂ ನಿವೃತ್ತಿ ಕೊಟ್ಟಿದ್ದೇನೆ. ಅದರ ಹೆಸರು ಚಂದ್ರಿ. ನಿಮ್ಮ ಟೋಪಿ ಕಚ್ಚಿದ್ದರಿಂದ ನೆನಪಿರಬಹುದು.

ವಿಷಯಕ್ಕೆ ಬರುತ್ತೇನೆ. ವಯಸ್ಸು ಇಪ್ಪತ್ತನಾಲ್ಕು. ಮೂರು ತಿಂಗಳಿಂದ ಭೇದಿ. ದಿನಕ್ಕೆ ಎಂಟು ಹತ್ತು ಸಲ, ನೀರು ನೀರಾಗಿ, ರಕ್ತವಿಲ್ಲ. ಜ್ವರವಿಲ್ಲ, ಥರ್ಮಾಮೀಟರು ಇಟ್ಟು ನೋಡಿದ್ದೇನೆ, ನೂರು ಪಾಯಿಂಟ್ ನಾಲ್ಕು, ಕುದುರೆಗೆ ಅಷ್ಟು ಸಹಜ. ಹಸಿವಿದೆ, ಆದರೆ ಹುಲ್ಲನ್ನು ಅಗಿದು ಅಗಿದು ಮುದ್ದೆ ಮಾಡಿ ಉಗುಳುತ್ತದೆ. ನೀರು ಮೊದಲಿಗಿಂತ ಎರಡು ಬಕೆಟ್ ಹೆಚ್ಚು ಕುಡಿಯುತ್ತದೆ. ಬೇಸಿಗೆ ಕಳೆದರೂ ಚಳಿಗಾಲದ ಕೂದಲು ಉದುರಿಲ್ಲ, ದೂರದಿಂದ ನೋಡಿದರೆ ಕರಡಿ. ಪಕ್ಕೆಲುಬು ಎಣಿಸಬಹುದು. ಮುಂಗಾಲಿನ ಗೊರಸಿನ ನೋವು ನೀವು ನೋಡಿದ್ದಾಗ ಇದ್ದ ಹಾಗೆಯೇ ಇದೆ, ಹೆಚ್ಚಾಗಿಲ್ಲ.

ದಾಳಿಂಬೆ ಸಿಪ್ಪೆಯ ಕಷಾಯ ಆಯಿತು, ಮಜ್ಜಿಗೆಯಲ್ಲಿ ಮೆಂತ್ಯ ಆಯಿತು, ಈಗಿನ ಡಾಕ್ಟರು ಕೊಟ್ಟ ಪುಡಿಯೂ ಆಯಿತು. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಅವರು "ಮುದಿ ಕುದುರೆ ಕಣಮ್ಮ, ಇನ್ನೇನ್ ಮಾಡಕ್ಕಾಗುತ್ತೆ" ಅಂದರು. ಇಷ್ಟು ಹೇಳುವುದಕ್ಕೆ ಅವರು ಕಾಲೇಜಿಗೆ ಹೋಗಬೇಕಿರಲಿಲ್ಲ.

ಈ ಕುದುರೆ ಉಳಿಯಬೇಕು. ಹದಿನೇಳು ವರ್ಷ ನನ್ನನ್ನು ಹಳ್ಳಿ ಹಳ್ಳಿಗೆ ಹೆರಿಗೆಗೆ ಕರೆದೊಯ್ದಿದೆ, ಒಂದು ದಿನವೂ ತಡವಾಗಿ ಮುಟ್ಟಿಸಿಲ್ಲ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಇಂತಿ,
ತೀರ್ಥಮ್ಮ

ಕಡೂರು
16-8-1982

ತೀರ್ಥಮ್ಮನವರಿಗೆ ಶರಣು.

ಕಾಗದ ತಲುಪಿತು. ಚಂದ್ರಿಯ ನೆನಪಿದೆ. ಟೋಪಿ ಈಗಲೂ ಇದೆ, ಅಂಚು ಇಲ್ಲ.

ರೋಗಿಯ ವಿವರವನ್ನು ಇಷ್ಟು ಸ್ಪಷ್ಟವಾಗಿ ಬರೆಯುವವರು ನಮ್ಮ ಇಲಾಖೆಯಲ್ಲೂ ಕಡಿಮೆ. ಮುದಿ ಕುದುರೆಯಲ್ಲಿ ಕಾಯಿಲೆ ಒಂಟಿಯಾಗಿ ಬರುವುದಿಲ್ಲ. ಕೂದಲು ಉದುರದೆ, ನೀರು ಹೆಚ್ಚು ಕುಡಿಯುವುದು ಮೆದುಳಿನ ಬುಡದ ಒಂದು ಗ್ರಂಥಿಯ ತೊಂದರೆ, ಅದಕ್ಕೆ ನಮ್ಮಲ್ಲಿ ಔಷಧಿಯಿಲ್ಲ. ಗೊರಸಿನ ನೋವಿಗೂ ಅದೇ ಮೂಲ. ಬೆಲ್ಲ ತಿನ್ನಿಸುತ್ತಿದ್ದರೆ ನಿಲ್ಲಿಸಿ, ಗೊರಸಿಗೆ ಅದು ವಿಷ. ಭೇದಿಗೆ ಮಾತ್ರ ಬೇರೆ ಕಾರಣ ಹುಡುಕಬೇಕು.

ಮೊದಲು ಮರಳು. ಗಾಜಿನ ಭರಣಿಯಲ್ಲಿ ಎರಡು ಹಿಡಿ ಲದ್ದಿ ಹಾಕಿ, ನೀರು ತುಂಬಿ ಕಲಕಿ, ಒಂದು ಗಂಟೆ ಬಿಡಿ. ತಳದಲ್ಲಿ ಎಷ್ಟು ಮರಳು ಕೂರುತ್ತದೆ ನೋಡಿ. ಆಮೇಲೆ ಹಲ್ಲು. ಯಾರಾದರೂ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದರೆ ದವಡೆ ಹಲ್ಲಿನ ಅಂಚು ಮುಟ್ಟಿ ನೋಡಬಹುದು. ಜಂತಿನ ಔಷಧಿ ಕೊಟ್ಟು ಎಷ್ಟು ದಿನವಾಯಿತು? ಬೇರೆ ಯಾವ ಯಾವ ಔಷಧಿ ನಡೆದಿದೆ? ಎಲ್ಲ ಬರೆಯಿರಿ.

ಬರುವ ಭಾನುವಾರ ನಾನೇ ಬಂದು ನೋಡುತ್ತೇನೆ.

ಕರಿಸಿದ್ದಪ್ಪ

ಅಜ್ಜಂಪುರ
27-8-1982

ಡಾಕ್ಟರಿಗೆ ಶರಣು.

ಭಾನುವಾರ ಚಿಕ್ಕಬೀರಪ್ಪ ಬೀರೂರು ಕಡೆಯಿಂದ ಬರುವ ಎರಡು ರೈಲು ನೋಡಿಕೊಂಡು ವಾಪಸು ಬಂದ. ಇವನು ಮೊದಲು ನನ್ನ ಗಾಡಿ ಹೊಡೆಯುತ್ತಿದ್ದವನು, ಈಗ ಕುದುರೆಯ ಚಾಕರಿ ಮಾಡುತ್ತಾನೆ. ನಿಮಗೆ ಮಾಡಿದ್ದ ಉಪ್ಪಿಟ್ಟನ್ನು ಅವನೇ ತಿಂದ. ನಿಮಗೆ ಕೆಲಸವಿದ್ದಿರಬೇಕು.

ಮರಳು ನೋಡಿದೆ. ಉಪ್ಪಿನಕಾಯಿ ಭರಣಿಯನ್ನು ಇದಕ್ಕೆ ಕೊಟ್ಟಿದ್ದರಿಂದ ಅದು ಇನ್ನು ಅಡಿಗೆಮನೆಗೆ ಬರುವ ಹಾಗಿಲ್ಲ. ತಳದಲ್ಲಿ ಒಂದು ಚಮಚದಷ್ಟು ಮರಳು ಕೂತಿತ್ತು. ಚೆಲ್ಲಿದ ಹುರುಳಿಯನ್ನು ನೆಲದಿಂದ ನೆಕ್ಕುತ್ತಿತ್ತು, ಈಗ ಕಬ್ಬಿಣದ ಬಾಣಲೆಯಲ್ಲಿ ಇಡುತ್ತಿದ್ದೇವೆ. ಹಲ್ಲು ನೋಡಿದೆ. ಎಡಗಡೆ ಮೇಲೆ ಒಂದು ಕೊಕ್ಕೆಯ ಹಾಗೆ ಬೆಳೆದಿದೆ, ನನ್ನ ಬೆರಳು ಕುಯ್ದಿತು, ಟಿಂಚರ್ ಹಾಕಿಕೊಂಡೆ. ಜಂತಿನ ಔಷಧಿ ಜುಲೈ ತಿಂಗಳಲ್ಲಿ ಕೊಟ್ಟಾಗಿದೆ. ಭೇದಿಗೆ ಕೊಟ್ಟ ಔಷಧಿಯನ್ನು ಹಿಂದಿನ ಕಾಗದದಲ್ಲೇ ಬರೆದಿದ್ದೇನೆ, ಬೇರೆ ಏನೂ ಇಲ್ಲ. ಬೆಲ್ಲವನ್ನು ನಿಮ್ಮ ಕಾಗದ ಬಂದ ದಿನವೇ ನಿಲ್ಲಿಸಿದೆ.

ಬೀರೂರಿಗೆ ಸರ್ಕಸ್ ಬಂದಿದೆಯಂತೆ. ಪಕ್ಕದ ಮನೆ ವಿಶಾಲಾಕ್ಷಮ್ಮ "ಸಿಂಹಕ್ಕಾದ್ರೂ ಆಗುತ್ತೆ, ಕೊಟ್ಬಿಡಿ ಅಕ್ಕಾ" ಅಂದಳು. ಅವಳ ಮೂರು ಹೆರಿಗೆಗೂ ನನ್ನನ್ನು ಕರೆತಂದದ್ದು ಇದೇ ಕುದುರೆ. ಮಜ್ಜಿಗೆ ಕೇಳಲು ಬಂದಿದ್ದಳು, ಕೊಡಲಿಲ್ಲ.

ತೀರ್ಥಮ್ಮ

ಕಡೂರು
8-9-1982

ತೀರ್ಥಮ್ಮನವರಿಗೆ ಶರಣು.

ಭಾನುವಾರ ಬರಲಾಗಲಿಲ್ಲ, ಕ್ಷಮಿಸಿ. ಜಿಲ್ಲೆಯಿಂದ ಮೇಲಧಿಕಾರಿಗಳು ಬಂದಿದ್ದರು.

ಒಂದು ಚಮಚ ಮರಳು ಸಣ್ಣದಲ್ಲ. ಇಸಬ್‌ಗೋಲಿನ ಹೊಟ್ಟು ತರೀಕೆರೆಯಲ್ಲಿ ಸಿಗುತ್ತದೆ. ದಿನಕ್ಕೆ ಎರಡು ಹಿಡಿಯನ್ನು ನೆನೆದ ತೌಡಿನಲ್ಲಿ ಕಲಸಿ ಹತ್ತು ದಿನ ಕೊಡಿ. ಒಣಹುಲ್ಲು ಬೇಡ, ಎಳೆ ಹಸಿಹುಲ್ಲನ್ನು ಬೆರಳುದ್ದ ಕತ್ತರಿಸಿ, ತೌಡು, ಬೇಯಿಸಿ ಹಿಸುಕಿದ ಹುರುಳಿ, ಸ್ವಲ್ಪ ಸ್ವಲ್ಪವಾಗಿ ಐದು ಹೊತ್ತು. ಭೇದಿಯಲ್ಲಿ ಉಪ್ಪು ಹೋಗುತ್ತದೆ, ನೀರಿಗೆ ಒಂದು ಹಿಡಿ ಉಪ್ಪು ಹಾಕಿದ ಬಕೆಟ್ ಒಂದು, ಹಾಕದ್ದು ಒಂದು ಇಡಿ. ಬೇಕಾದ್ದನ್ನು ಅದೇ ಆರಿಸಿಕೊಳ್ಳುತ್ತದೆ. ಕೊಕ್ಕೆ ಹಲ್ಲನ್ನು ಉಜ್ಜುವ ಅರ ನನ್ನಲ್ಲಿದೆ, ಬರುವಾಗ ತರುತ್ತೇನೆ.

ಒಂದು ವಿಷಯ ನನಗೆ ಆಶ್ಚರ್ಯ. ಈ ಗ್ರಂಥಿಯ ಕಾಯಿಲೆಯಿರುವ ಕುದುರೆಗಳಿಗೆ ಗೊರಸು ಬಹಳ ಬೇಗ ಕೆಡುತ್ತದೆ. ನಾಲ್ಕು ವರ್ಷವಾದರೂ ಚಂದ್ರಿ ನಿಂತು ಓಡಾಡುತ್ತಿದೆ ಎಂದರೆ ನಿಮ್ಮ ಆರೈಕೆ ದೊಡ್ಡದು.

ಕರಿಸಿದ್ದಪ್ಪ

ಅಜ್ಜಂಪುರ
22-9-1982

ಡಾಕ್ಟರಿಗೆ ಶರಣು.

ಇಸಬ್‌ಗೋಲು ಹತ್ತು ದಿನ ಮುಗಿಯಿತು. ಭರಣಿಯಲ್ಲಿ ಈಗ ಮರಳಿಲ್ಲ. ಭೇದಿ ಇದೆ. ಹೊಸದಾಗಿ ಎರಡು ಲಕ್ಷಣ: ತುಟಿಯ ಒಳಗೆ ಹುಣ್ಣು, ಹೊಟ್ಟೆಯ ಕೆಳಗೆ ಊತ. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಬಸುರಿಯರ ಕಾಲಿನಲ್ಲಿ ಇಂಥ ಗುಳಿ ಕಂಡರೆ ನಾನು ತಡ ಮಾಡದೆ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದೆ. ಕುದುರೆಯನ್ನು ಎಲ್ಲಿಗೆ ಕಳಿಸಲಿ?

ಕಾಲಿನ ವಿಷಯದಲ್ಲಿ ನನ್ನನ್ನು ಹೊಗಳಿದ್ದೀರಿ. ಅದು ನಿಮಗೇ ಸಲ್ಲಬೇಕು. ನೀವು ಬರೆದುಕೊಟ್ಟ ಗುಳಿಗೆಯನ್ನು ನಾಲ್ಕು ವರ್ಷದಲ್ಲಿ ಒಂದು ಹೊತ್ತೂ ತಪ್ಪಿಸಿಲ್ಲ. ಬೆಳಿಗ್ಗೆ ಐದು ಗುಳಿಗೆ, ಸಂಜೆ ಐದು, ರಾಗಿಮುದ್ದೆಯೊಳಗಿಟ್ಟು. ನಿಮ್ಮ ಚೀಟಿ ಕೊಟ್ಟಿಗೆಯ ಗೋಡೆಯಲ್ಲಿದೆ, ಪ್ರತಿ ತಿಂಗಳು ಚಿಕ್ಕಬೀರಪ್ಪ ಅದನ್ನು ಬಿಚ್ಚಿಕೊಂಡು ತರೀಕೆರೆಯ ಔಷಧಿ ಅಂಗಡಿಗೆ ಹೋಗುತ್ತಾನೆ. ಗುಳಿಗೆ ಇಲ್ಲದಿದ್ದರೆ ಇದು ಎಂದೋ ಮಲಗಿಬಿಡುತ್ತಿತ್ತು. ನಿಮ್ಮ ಕೈಗುಣ ಒಳ್ಳೆಯದೆಂದು ಚಿಕ್ಕಬೀರಪ್ಪ ಊರಿಗೆಲ್ಲ ಹೇಳುತ್ತಾನೆ.

ಯಾವಾಗ ಬರುತ್ತೀರಿ?

ತೀರ್ಥಮ್ಮ

(ಕಾರ್ಡು)
ಕಡೂರು, 25-9-82

ಆ ಗುಳಿಗೆಯನ್ನು ಕೂಡಲೇ ನಿಲ್ಲಿಸಿ. ಒಂದೂ ಕೊಡಬೇಡಿ. ವಿವರ ಆಮೇಲೆ ಬರೆಯುತ್ತೇನೆ.

ಅಜ್ಜಂಪುರ
29-9-1982

ಡಾಕ್ಟರಿಗೆ.

ಕಾರ್ಡು ತಲುಪಿತು. ಅದರಲ್ಲಿ ಕಾರಣವೂ ಇಲ್ಲ, ಸಹಿಯೂ ಇಲ್ಲ.

ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಊತ ಬಂತು ಎಂದು ಬರೆದ ತಕ್ಷಣ ನೀವೂ ಕೈ ಬಿಟ್ಟಿರಿ. ಹೇಗೂ ಹೋಗುವ ಪ್ರಾಣಿಗೆ ಗುಳಿಗೆ ಯಾಕೆ ದಂಡ ಎಂದು ತೋರಿರಬೇಕು. ಈಗಿನ ಡಾಕ್ಟರು ಎದುರಿಗೇ ಹೇಳಿದರು, ನೀವು ಕಾರ್ಡಿನಲ್ಲಿ ಹೇಳಿದಿರಿ. ಅವರೇ ವಾಸಿ.

ನಾನು ಗುಳಿಗೆ ನಿಲ್ಲಿಸಿಲ್ಲ. ಅದನ್ನು ಕೊಡಿ ಎಂದು ನೀವು ಸಹಿ ಹಾಕಿ ಬರೆದಿದ್ದೀರಿ. ನಿಲ್ಲಿಸಬೇಕಾದರೆ ಯಾಕೆ ಎಂದು ಬರೆದು ಸಹಿ ಹಾಕಿ. ಗುಳಿಗೆ ಬಿಟ್ಟರೆ ಕಾಲುನೋವಿನಿಂದ ಅದು ಮಲಗುತ್ತದೆ, ಮಲಗಿದ ಕುದುರೆಯನ್ನು ಎಬ್ಬಿಸಲು ನಮ್ಮ ಮನೆಯಲ್ಲಿ ಇರುವವರು ಅರವತ್ತೊಂದರ ನಾನು, ಎಪ್ಪತ್ತರ ಚಿಕ್ಕಬೀರಪ್ಪ.

ತೀರ್ಥಮ್ಮ

ಕಡೂರು
13-10-1982

ತೀರ್ಥಮ್ಮನವರಿಗೆ ಶರಣು.

ಉತ್ತರ ತಡವಾಯಿತು. ಕೆಲಸವಿರಲಿಲ್ಲ. ನಿಮ್ಮ ಕಾಗದ ಮೇಜಿನ ಮೇಲೆಯೇ ಇತ್ತು, ಬರೆಯಲು ಧೈರ್ಯವಾಗಲಿಲ್ಲ, ಅಷ್ಟೆ.

ಚಂದ್ರಿಯ ಭೇದಿಗೆ ಕಾರಣ ಆ ಗುಳಿಗೆ. ನೋವಿಗೆ ಬಹಳ ಒಳ್ಳೆಯದು, ಆದರೆ ಬಹಳ ದಿನ ಕೊಟ್ಟರೆ ಕುದುರೆಯ ದೊಡ್ಡ ಕರುಳಿನಲ್ಲಿ ಹುಣ್ಣಾಗುತ್ತದೆ. ಹುಣ್ಣಿನ ಮೂಲಕ ರಕ್ತದ ಸತ್ವ ಸೋರಿಹೋಗಿ ಹೊಟ್ಟೆಯ ಕೆಳಗೆ ಊದುತ್ತದೆ. ಬಾಯಿಯ ಹುಣ್ಣೂ ಅದರದ್ದೇ. ಇದನ್ನು ಹೊರದೇಶದವರು ಕಂಡುಕೊಂಡದ್ದು ಈಚೆಗೆ, ನಾನು ಓದಿದ್ದು ಹೋದ ವರ್ಷ. 1978ರಲ್ಲಿ ನನಗೆ ಗೊತ್ತಿರಲಿಲ್ಲ. ಆದರೆ ಯಾವ ನೋವಿನ ಔಷಧಿಯನ್ನೂ ನಾಲ್ಕು ವರ್ಷ ಕೊಡಬಾರದೆಂಬುದು ಆಗಲೂ ಗೊತ್ತಿತ್ತು.

ನಿಮಗೆ ಆ ಚೀಟಿ ಬರೆದುಕೊಟ್ಟದ್ದು ನನಗೆ ವರ್ಗವಾಗಿ ಸಾಮಾನಿನ ಲಾರಿ ಬಾಗಿಲಲ್ಲಿ ನಿಂತಿದ್ದಾಗ. ನನ್ನ ಮನಸ್ಸಿನಲ್ಲಿದ್ದದ್ದು ಹತ್ತು ದಿನ. ಎಷ್ಟು ದಿನ ಎಂದು ಬರೆದೆನೇ ಎಂದು ನಿಮ್ಮ ಕಾಗದ ಬಂದಾಗಿನಿಂದ ಯೋಚಿಸುತ್ತಿದ್ದೇನೆ. ಬರೆದಿರಲಾರೆ. ಬರೆದಿದ್ದರೆ ನೀವು ಹನ್ನೊಂದನೆಯ ದಿನ ಕೊಡುತ್ತಿರಲಿಲ್ಲ. ಇಲ್ಲಿ ಕೂತು ಮರಳು, ಹಲ್ಲು, ತೌಡು ಎಂದು ಬರೆದದ್ದೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಭಾನುವಾರ ಯಾವ ಮೇಲಧಿಕಾರಿಯೂ ಬಂದಿರಲಿಲ್ಲ. ಬಡ್ತಿಯಾದ ಮೇಲೆ ನನ್ನದು ಕಚೇರಿ ಕೆಲಸ, ಒಂದು ಪ್ರಾಣಿಯನ್ನು ಮುಟ್ಟಿ ನೋಡಿ ಮೂರು ವರ್ಷದ ಮೇಲಾಯಿತು. ನಿಮ್ಮ ಎದುರು ಕೈ ತಪ್ಪಿದರೆ ಏನು ಗತಿ ಎಂದು ಹಿಂಜರಿದೆ.

ಗುಳಿಗೆ ನಿಲ್ಲಿಸಿ. ಕಾಲು ನೋಯುತ್ತದೆ. ಕೊಟ್ಟಿಗೆಯಲ್ಲಿ ಒಂದು ಮೊಳ ದಪ್ಪ ಭತ್ತದ ಹುಲ್ಲು ಹಾಸಿ. ಗೊರಸಿನ ಮುಂತುದಿಯನ್ನು ಲಾಳ ಕಟ್ಟುವವರಿಂದ ಕೆತ್ತಿಸಿ.

ತಪ್ಪು ನನ್ನದು.

ಸಹಿ,
ಕರಿಸಿದ್ದಪ್ಪ

ಅಜ್ಜಂಪುರ
6-11-1982

ಡಾಕ್ಟರಿಗೆ.

ಗುಳಿಗೆಯನ್ನು ಅಕ್ಟೋಬರ್ ಹದಿನಾರರಂದು ನಿಲ್ಲಿಸಿದೆ. ಅಂದರೆ ನಿಮ್ಮ ಕಾರ್ಡು ಬಂದ ಮೇಲೂ ಎರಡು ವಾರದ ಮೇಲೆ ನನ್ನ ಕೈಯಾರೆ ಕೊಟ್ಟಿದ್ದೇನೆ. ನೀವು ಅಂದೇ ನಾಲ್ಕು ಸಾಲು ಹೆಚ್ಚು ಬರೆದಿದ್ದರೆ ಕೊಡುತ್ತಿರಲಿಲ್ಲ. ಇದನ್ನು ನಿಮ್ಮ ಮುಖಕ್ಕೇ ಹೇಳಬೇಕೆಂದಿದ್ದೆ, ನೀವು ಬರುವವರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿದೆ.

ನನ್ನ ಮೇಲೂ ಬಂದಿದೆ. ಯಾವ ಯಾವ ಔಷಧಿ ನಡೆದಿದೆ ಎಂದು ನೀವು ಆಗಸ್ಟ್‌ನಲ್ಲೇ ಕೇಳಿದ್ದಿರಿ. ಗುಳಿಗೆಯನ್ನು ನಾನು ಬಚ್ಚಿಡಲಿಲ್ಲ. ನೀವೇ ಬರೆದದ್ದನ್ನು ನಿಮಗೇ ಯಾಕೆ ಒಪ್ಪಿಸಬೇಕು, ನಿಮಗೆ ಗೊತ್ತೇ ಇದೆ ಎಂದುಕೊಂಡೆ. ನಮ್ಮ ತರಬೇತಿಯಲ್ಲಿ ಮೊದಲು ಕಲಿಸಿದ್ದು ಒಂದೇ: ಡಾಕ್ಟರು ಬರೆದ ಔಷಧಿಯನ್ನು ಡಾಕ್ಟರೇ ಗೆರೆ ಎಳೆದು ಹೊಡೆದುಹಾಕುವವರೆಗೆ ನರ್ಸು ನಿಲ್ಲಿಸಬಾರದು. ಇಪ್ಪತ್ತೆಂಟು ವರ್ಷ ಹಾಗೇ ನಡೆದೆ, ಒಳ್ಳೆಯ ಹೆಸರೂ ಬಂತು. ಗೆರೆ ಎಳೆಯಬೇಕಾದವರು ಲಾರಿ ಹತ್ತಿ ಹೋದರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ, ನಾನೂ ಯೋಚಿಸಲಿಲ್ಲ. ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಗೆರೆ ಎಳೆದು, ತಾರೀಖು ಹಾಕಿ, ವಾಪಸು ಕಳಿಸಿ.

ಹೊಟ್ಟೆಯ ವಿಷಯ: ಗುಳಿಗೆ ನಿಲ್ಲಿಸಿದ ಹದಿನೆಂಟನೆಯ ದಿನ ಚಿಕ್ಕಬೀರಪ್ಪ ಮೊರದಲ್ಲಿ ಲದ್ದಿ ಇಟ್ಟುಕೊಂಡು ಪಡಸಾಲೆಗೇ ಬಂದ. "ನೋಡ್ರಮ್ಮೋರೇ, ಉಂಡೆ ಕಟ್ಟೈತೆ!" ಅಂದ. ನಿಜವಾಗಿಯೂ ಉಂಡೆ. ಪಡಸಾಲೆಗೆ ತಂದದ್ದಕ್ಕೆ ಬಯ್ದೆ, ಆದರೆ ಇಬ್ಬರೂ ಬಹಳ ಹೊತ್ತು ಅದನ್ನೇ ನೋಡಿದೆವು. ಊತ ಅರ್ಧ ಇಳಿದಿದೆ. ಬಾಯಿ ಹುಣ್ಣು ಮಾಯ್ದಿದೆ.

ಕಾಲಿನ ವಿಷಯ: ದಿನದಲ್ಲಿ ಹೆಚ್ಚು ಹೊತ್ತು ಮಲಗಿರುತ್ತದೆ. ಏಳುವಾಗ ನರಳುತ್ತದೆ. ನಿಂತರೆ ಭಾರವನ್ನೆಲ್ಲ ಹಿಂಗಾಲಿಗೆ ಹಾಕುತ್ತದೆ.

ತೀರ್ಥಮ್ಮ

ಕಡೂರು
12-11-1982

ತೀರ್ಥಮ್ಮನವರಿಗೆ ಶರಣು.

ಚೀಟಿಗೆ ಗೆರೆ ಎಳೆದು ಕಳಿಸಿದ್ದೇನೆ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಹೊಟ್ಟೆ ಮಾಯುತ್ತಿರುವುದು ಸಂತೋಷ. ಈಗ ಇರುವುದನ್ನು ಇರುವ ಹಾಗೆ ಹೇಳುತ್ತೇನೆ. ಗುಳಿಗೆ ಕೊಟ್ಟರೆ ಕಾಲು ನಿಲ್ಲುತ್ತದೆ, ಹೊಟ್ಟೆ ಹೋಗುತ್ತದೆ. ಕೊಡದಿದ್ದರೆ ಹೊಟ್ಟೆ ನಿಲ್ಲುತ್ತದೆ, ಕಾಲು ಹೋಗುತ್ತದೆ. ಎರಡಕ್ಕೂ ಆಗುವ ಔಷಧಿ ನನಗೆ ಗೊತ್ತಿಲ್ಲ. ದಿನಕ್ಕೆರಡು ಸಲ ತಣ್ಣೀರಿನಲ್ಲಿ ಗೊರಸು ನೆನೆಸಿ. ಮಲಗಿದಾಗ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಚಳಿಗೆ ಗೋಣಿತಾಟು ಹೊದಿಸಿ.

ಎದ್ದು ನಿಲ್ಲುವುದನ್ನೇ ಬಿಟ್ಟರೆ ಬರೆಯಿರಿ. ಒಂದು ಚುಚ್ಚುಮದ್ದಿದೆ. ಯಾವ ಚುಚ್ಚುಮದ್ದು ಎಂದು ನಿಮಗೆ ಗೊತ್ತು. ಅದಕ್ಕೆ ನಾನು ಬರುತ್ತೇನೆ.

ಕರಿಸಿದ್ದಪ್ಪ

ಅಜ್ಜಂಪುರ
11-12-1982

ಡಾಕ್ಟರಿಗೆ.

ಲದ್ದಿ ಚೆನ್ನಾಗಿದೆ. ತೌಡು ಪೂರ್ತಿ ತಿನ್ನುತ್ತದೆ. ಮೈಕೈ ಸ್ವಲ್ಪ ತುಂಬಿಕೊಂಡಿದೆ.

ಬುಧವಾರದಿಂದ ಎದ್ದಿಲ್ಲ. ಅಕ್ಕಪಕ್ಕದ ಆರು ಜನ ಹಗ್ಗ ಹಾಕಿ ಎತ್ತಿದರು, ನಿಂತಿತು, ಮತ್ತೆ ಕುಸಿಯಿತು. ಸೊಂಟದಲ್ಲಿ ಅಂಗೈಯಗಲ ಹುಣ್ಣಾಗಿದೆ.

ಬರುತ್ತೀರೋ ಇಲ್ಲವೋ ಒಂದು ಮಾತಿನಲ್ಲಿ ತಿಳಿಸಿ.

ತೀರ್ಥಮ್ಮ

(ಕಾರ್ಡು)
ಕಡೂರು, 13-12-82

ಗುರುವಾರ ಬೆಳಗಿನ ರೈಲಿಗೆ ಬರುತ್ತೇನೆ.
ಸಹಿ, ಕರಿಸಿದ್ದಪ್ಪ

ಅಜ್ಜಂಪುರ
20-12-1982

ಡಾಕ್ಟರ್ ಕರಿಸಿದ್ದಪ್ಪನವರಿಗೆ ಶರಣು.

ನೀವು ಕ್ಷೇಮವಾಗಿ ಊರು ಸೇರಿದಿರೆಂದು ನಂಬಿದ್ದೇನೆ.

ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಬರವಣಿಗೆಯಲ್ಲಿ ಒಂದು ಕಡೆ ಇರಲಿ. ಗುರುವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಚುಚ್ಚುಮದ್ದು ಕೊಟ್ಟಿರಿ. ಹನ್ನೊಂದು ಹದಿನಾರಕ್ಕೆ ಎದೆಬಡಿತ ನಿಂತಿತು. ನಾನೇ ಕೇಳಿ ನೋಡಿದೆ. ನಿಮ್ಮ ಕೈ ತಪ್ಪಲಿಲ್ಲ, ಒಂದೇ ಸಲಕ್ಕೆ ನರ ಸಿಕ್ಕಿತು. ಅವಳಿಗೆ ನೋವಾಗಲಿಲ್ಲ.

ಅದಕ್ಕೂ ಮುಂಚೆ, ಸಿರಿಂಜಿಗೆ ಔಷಧಿ ಎಳೆದುಕೊಂಡವರು ನನ್ನ ಕಡೆ ತಿರುಗಿ, "ಏನ್ ಮಾಡಾಣ ಹೇಳಿ ತೀರ್ಥಮ್ಮೋರೇ. ನೀವು ಬ್ಯಾಡ ಅಂದ್ರೆ ಒಳಗಿಡ್ತೀನಿ" ಅಂದಿರಿ. ನನ್ನ ನೌಕರಿಯಲ್ಲಿ ಯಾವ ಡಾಕ್ಟರೂ ಏನು ಮಾಡೋಣ ಎಂದು ನನ್ನನ್ನು ಕೇಳಿದವರಲ್ಲ. ಹಾಗೆ ಕೇಳಿದ್ದು ಮನಸ್ಸಿಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. "ಕೊಡಿ" ಅಂದೆ. ಯೋಚನೆ ಮಾಡಿಯೇ ಅಂದೆ. ನಿಮ್ಮನ್ನು ಕಳಿಸಿ ಬಂದ ಮೇಲೂ ಸರಿಯಾಗಿಯೇ ಹೇಳಿದೆ ಎಂಬ ಸಮಾಧಾನವಿತ್ತು.

ಇವತ್ತು ಬೆಳಿಗ್ಗೆ ಚಿಕ್ಕಬೀರಪ್ಪ ಕೊಟ್ಟಿಗೆಯ ಹುಲ್ಲು ಬಾಚಿ ಹೊರಗೆ ಹಾಕುತ್ತಿದ್ದ. ನಾನು ಅಲ್ಲೇ ನಿಂತಿದ್ದೆ. ಕೆಲಸ ನಿಲ್ಲಿಸಿ ಅವನು ಹೇಳಿದ:

"ಅಮ್ಮೋರೇ, ನೀವು ಕೊಡಿ ಅನ್ನೋವಾಗ ಅವ್ಳು ಮುಂಗಾಲು ಮುಂದಕ್ಕೆ ಚಾಚ್ಕಂಡು ನೆಲಕ್ಕೆ ಊರಕ್ಕೆ ನೋಡ್ತಿದ್ಲು. ಏಳೋ ಮುಂಚೆ ಯಾವಾಗ್ಲೂ ಅಂಗೇ ಮಾಡಾಳು. ನಾನು ಕಂಡೆ."

"ಅಲ್ವೋ, ಕಂಡೋನು ಆಗ್ಲೇ ಯಾಕ್ ಹೇಳ್ಲಿಲ್ಲ?" ಅಂದೆ.

"ನೀವು ಕೊಡಿ ಅಂದ್ಬಿಟ್ರಲ್ಲ. ನೀವು ಹೇಳಿದ್ಮ್ಯಾಲೆ ನಾನೇನು ಹೇಳಾದು?"

ಅವನು ಅದನ್ನು ದೂರಾಗಿ ಹೇಳಲಿಲ್ಲ. ಹೇಳಿ ಮತ್ತೆ ಹುಲ್ಲು ಬಾಚತೊಡಗಿದ.

ಡಾಕ್ಟರೇ, ಅವಳು ಏಳುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಎದ್ದಿದ್ದರೂ ಸಂಜೆಗೆ ಮತ್ತೆ ಬೀಳುತ್ತಿದ್ದಳು, ನೀವು ಹಾಗೇ ಬರೆಯುತ್ತೀರಿ, ಅದು ನಿಜವೂ ಹೌದು. ಆದರೂ ನನಗೆ ಬಹಳ ಸಂಕಟವಾಗುತ್ತಿದೆ. ಮಧ್ಯಾಹ್ನ ಊಟ ಮಾಡಲಿಲ್ಲ. ನವೆಂಬರಿನಲ್ಲಿ ನಿಮಗೆ ಬರೆದ ಸಿಟ್ಟಿನ ಮಾತನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಅಷ್ಟು ದಿನ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ನೀವು ಹೇಗೆ ಕೂತಿದ್ದಿರಿ ಎಂಬುದು ಮಾತ್ರ ಇವತ್ತು ಗೊತ್ತಾಯಿತು.

ಬಿಡುವಿದ್ದರೆ ಒಂದು ಭಾನುವಾರ ಬನ್ನಿ. ಇಲ್ಲಿ ಇನ್ನು ನೋಡುವ ಪ್ರಾಣಿ ಯಾವುದೂ ಇಲ್ಲ. ಈ ವಿಷಯವನ್ನು ನಾನು ಬೇರೆ ಯಾರ ಹತ್ತಿರ ಆಡಿದರೂ, ಒಂದು ಮುದಿ ಕುದುರೆಗೆ ಇಷ್ಟೇಕೆ ಎನ್ನುತ್ತಾರೆ.

ಇಂತಿ,
ತೀರ್ಥಮ್ಮ